ಬಲಗಡೆ ಬಿದ್ದ ಹೂವು

ಸಾಸ್ವೆಹಳ್ಳಿ
14-6-1981

ತಂಗಿ ಶಂಕ್ರಮ್ಮನಿಗೆ,

ನಿನ್ನ ಮನೆಮಂದಿಯನ್ನೆಲ್ಲ ವೀರಭದ್ರಸ್ವಾಮಿ ಕಾಯಲಿ. ನಿನ್ನ ಕಾಗದ ಬಂದ ದಿನವೇ ಉತ್ತರ ಬರೆಯಬೇಕಿತ್ತು. ಕೂತೆ, ಎದ್ದೆ, ಕೈ ಬರಲಿಲ್ಲ. ಸಿಟ್ಟಾಗಬೇಡ. ಇಲ್ಲಿ ಮಳೆ ಹಿಡಿದಿದೆ. ನಿಮ್ಮ ಜಗಳೂರಿನ ಕಡೆ ಹೇಗೋ ಏನೋ.

ನಿರ್ಮಲ ಎಸ್ಸೆಸ್ಸೆಲ್ಸಿ ಪಾಸಾದದ್ದು ಕೇಳಿ ಹೊಟ್ಟೆ ತಣ್ಣಗಾಯಿತು. ಅವಳಿಗೆ ಟೀಚರ್ ಟ್ರೈನಿಂಗಿನ ಸೀಟು ಸಿಗುತ್ತದೋ ಇಲ್ಲವೋ, ನಮ್ಮೂರ ಸ್ವಾಮಿಯ ಹತ್ತಿರ ಹೂ ಕೇಳಿ ತಿಳಿಸು ಎಂದು ಬರೆದಿದ್ದೀಯ. ನಾನು ಕೇಳಲಿಲ್ಲ ಶಂಕ್ರಿ. ಕೇಳುವುದೂ ಇಲ್ಲ.

ಹೋದ ವರ್ಷ ನಮ್ಮ ರುದ್ರಾಣಿಗೆ ಸೀಟು ಸಿಗಲಿಲ್ಲ ಎಂದಷ್ಟೇ ನಿನಗೆ ಬರೆದಿದ್ದೆ. ನಡೆದದ್ದು ಇದು. ಅವಳು ಅದೇ ಟ್ರೈನಿಂಗಿಗೆ ಅರ್ಜಿ ಹಾಕಿದ ಮೇಲೆ ನಿನ್ನ ಭಾವ ಸೋಮವಾರ ಗುಡಿಯಲ್ಲಿ ಹೂ ಕೇಳಿದರು. ಸ್ವಾಮಿಯ ಬಲಭುಜದ ಹೂವು ಎಲ್ಲರೂ ನೋಡುವಂತೆ ಜಾರಿ ಬಿತ್ತು. ಬಲಗಡೆ ಬಿದ್ದ ಮೇಲೆ ಇನ್ನೇನು, ಅಪ್ಪಣೆ ಆಯಿತು ಎಂದು ಓಣಿಗೆಲ್ಲ ಸಕ್ಕರೆ ಹಂಚಿದೆವು. ಎದುರುಮನೆ ಭೀಮಕ್ಕ, "ಏನ್ ಟೀಚರಮ್ಮ, ನನ್ ಮೊಮ್ಮಗ ಭಾಳ ತುಂಟ ಐದಾನೆ, ಈಗ್ಲೇ ಒಂದು ಬೆತ್ತ ನೋಡಿಟ್ಕ" ಎಂದು ನಗಾಡಿದಳು. ರುದ್ರಾಣಿ ನಾಚಿ ಒಳಗೆ ಓಡಿದಳು.

ಅವಳ ಮೇಷ್ಟ್ರು ಮುರುಗೇಶಪ್ಪನವರು ಮನೆಗೇ ಬಂದರು. "ಅಲ್ರೀ ಕೊಟ್ರಬಸಪ್ಪಾರೆ, ಹುಡುಗಿ ಮಾರ್ಕ್ಸು ಅಂಚಿನಾಗೆ ಐತೆ. ಹೊನ್ನಾಳಿ ಕಾಲೇಜಿಗೂ ಒಂದು ಅರ್ಜಿ ಹಾಕಿಡ್ರಿ. ಅದು ತಪ್ಪಿದ್ರೆ ಇದಾದ್ರೂ ಇರ್ಲಿ" ಎಂದರು.

"ಸ್ವಾಮಿನೇ ಕೊಟ್ಟ ಮೇಲೆ ಇನ್ನೊಂದು ಕಡೆ ಕೈ ಚಾಚಿದ್ರೆ ಆತನ್ನ ನಂಬಲಿಲ್ಲ ಅಂದಂಗಾಗಲ್ವೇನ್ರೀ ಮೇಷ್ಟ್ರೆ?" ಎಂದರು ನಿನ್ನ ಭಾವ. ನನಗೂ ಅದೇ ಸರಿ ಕಂಡಿತು.

ಪಟ್ಟಿ ಬಂದಾಗ ರುದ್ರಾಣಿಯ ಹೆಸರಿರಲಿಲ್ಲ. ಅಷ್ಟರಲ್ಲಿ ಹೊನ್ನಾಳಿಯಲ್ಲೂ ಸೇರಿಸಿಕೊಳ್ಳುವುದು ಮುಗಿದಿತ್ತು. ಮುಂದಿನ ವರ್ಷ ಹಾಕೋಣ ಎಂದೆ. "ದೇವ್ರು ಕೊಟ್ಟಿದ್ದೇ ದಕ್ಕಲಿಲ್ಲ. ಇವಳ ಹಣೇಲಿ ಓದು ಬರ್ದಿಲ್ಲ, ಬಿಡು" ಎಂದುಬಿಟ್ಟರು ನಿನ್ನ ಭಾವ. ಊರವರು ಸ್ವಾಮಿಯನ್ನು ಅನ್ನಲಾರದೆ ಮಗುವನ್ನು ಅಂದರು. "ಮೈಲಿಗೇಲಿ ಗುಡಿ ಹತ್ತಿದ್ಲೋ ಏನೋ" ಎಂದು ಬಾವಿಕಟ್ಟೆಯಲ್ಲಿ ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಅವಳು ನೀರಿಗೆ ಹೋಗುವುದನ್ನೇ ಬಿಟ್ಟಳು.

ಸ್ವಾಮಿ ಸುಳ್ಳು ಹೇಳಿದ ಎಂದು ನಾನು ಇವತ್ತಿಗೂ ಅನ್ನುವುದಿಲ್ಲ. ದಿನಾ ದೀಪ ಹಚ್ಚುತ್ತೇನೆ. ಹುಡುಗಿ ಓದಲಿ ಎಂದು ಆತ ಹೇಳಿದ. ಎರಡನೇ ಅರ್ಜಿ ಹಾಕಬೇಕಾದವರು ನಾವು. ನೀನು ನಿರ್ಮಲಳ ಕಾಲೇಜಿನ ಅರ್ಜಿಯನ್ನು ಜಗಳೂರಲ್ಲೂ ಹಾಕಿಸು, ದಾವಣಗೆರೆಯಲ್ಲೂ ಹಾಕಿಸು. ನಿನ್ನ ಗಂಡ ಗೊಣಗಿದರೆ ಅಕ್ಕ ಹೇಳಿದಳೆನ್ನು. ಕೈಮುಗಿಯುವುದು ಆಮೇಲೆ.

ಸೊಂಟನೋವಿಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೋ. ಮಕ್ಕಳು ನೂರು ವರ್ಷ ಬಾಳಲಿ.

ನಿನ್ನ ಅಕ್ಕ,
ಕೊಟ್ರಮ್ಮ

ತಾ.ಕ.: ರುದ್ರಾಣಿಯ ಮದುವೆ ಶ್ರಾವಣದಲ್ಲಿ. ಗಂಡು ನ್ಯಾಮತಿಯವನು, ಕಿರಾಣಿ ಅಂಗಡಿ ಇದೆ. ಅವನಿಗೆ ಎರಡನೇ ಸಂಬಂಧ. "ಒಪ್ಪಿಗೆ ಐತೇನವ್ವ?" ಎಂದು ಕೇಳಿದೆ. "ಯಾರಾದ್ರೇನು" ಎಂದಳು, ಅಕ್ಕಿ ಆರಿಸುತ್ತಲೇ. ನೀನು ವಾರ ಮುಂಚೆಯೇ ಬಾ. ನಿರ್ಮಲಳನ್ನು ಕರೆತರಬೇಡ. ಇದು ನನ್ನ ಮಾತಲ್ಲ. ಮದುವೆಗೆ ನಿನಗೇನು ಬೇಕು ಹೇಳು ಎಂದಾಗ ರುದ್ರಾಣಿ ಕೇಳಿದ್ದು ಇದೊಂದೇ.