ನೀವು ಕೈ ಹಿಂದೆಗೆದ ದಿನ

ಪ್ರೀತಿಯ ಅತ್ತೆವ್ವ,

ಆ ಬೆಳಿಗ್ಗೆ ನೆನಪಿದೆಯೇ? ಏಳು ತಿಂಗಳ ಬಸುರಿ ನಾನು, ರೊಟ್ಟಿ ಬಡಿಯುತ್ತ ಕೂತಿದ್ದೆ. ಒಂದಿಷ್ಟೂ ನೋವಿಲ್ಲ, ಸೀರೆಯೆಲ್ಲ ರಕ್ತ. ಹುಣಸಗಿ ಸುತ್ತ ನೂರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ ಮನೆಯಲ್ಲೇ ಇರುವಾಗ ಚಿಂತೆ ಯಾಕೆ, ಒಮ್ಮೆ ಒಳಗೆ ಕೈಯಾಡಿಸಿ ನೋಡಿದರಾಯಿತು ಎಂದರು ಓಣಿಯ ಹೆಂಗಸರು. ನೀವು ಮಾತ್ರ ಎರಡೂ ಕೈ ಹಿಂದೆ ತೆಗೆದುಕೊಂಡು ನಿಮ್ಮ ಮಗನ ಕಡೆ ತಿರುಗಿದಿರಿ.

"ನಾ ಮುಟ್ಟಂಗಿಲ್ಲ. ಗಾಡಿ ತರ್ಸು, ಸುರಪುರಕ್ಕ ಹೋಗೂಣು."

ನನಗೆ ಸಿಟ್ಟು ಬಂದಿತ್ತು, ಈಗ ಹೇಳುತ್ತೇನೆ. ಊರಿಗೆಲ್ಲ ಒದಗಿದ ಕೈ ಸೊಸೆಗೆ ಮಾತ್ರ ಯಾಕಿಲ್ಲ ಅಂತ...

ಸ್ಕ್ಯಾನಿಂಗ್ ಕೋಣೆಯಲ್ಲಿ ನನ್ನ ಪಾದ ಹಿಡಿದು ನಿಂತಿದ್ದಿರಿ. ಪರದೆಯ ಮೇಲೆ ಬೂದು ಬಣ್ಣದ ದಪ್ಪ ಪಟ್ಟಿಯೊಂದನ್ನು ಡಾಕ್ಟರು ತೋರಿಸಿದರು. ಮಗುವನ್ನು ಪೋಷಿಸುವ ಮಾಸು ಮೇಲಿರುವ ಬದಲು ಕೆಳಗೆ ಬೆಳೆದು ಗರ್ಭಕೋಶದ ಬಾಯಿಯನ್ನೇ ಮುಚ್ಚಿದೆ, ಯಾರಾದರೂ ಒಳಗೆ ಕೈ ಹಾಕಿದ್ದರೆ ಇಬ್ಬರೂ ಉಳಿಯುವುದು ಕಷ್ಟವಿತ್ತು ಅಂದರು. ನೀವು ಬಾಗಿ ಅದನ್ನೇ ನೋಡಿದಿರಿ. ಎಷ್ಟು ಮಾಸು ನಿಮ್ಮ ಕೈಗೆ ಬಂದಿದ್ದವೋ, ಹೊಟ್ಟೆಯೊಳಗೆ ಇರುವಂತೆಯೇ ಕಂಡದ್ದು ಅದೇ ಮೊದಲು.

ಆಮೇಲೆ ಒಂದು ತಂಬಿಗೆ ನೀರನ್ನೂ ನನ್ನ ಕೈಯಿಂದ ಎತ್ತಗೊಡಲಿಲ್ಲ. ಆಸ್ಪತ್ರೆ ಹತ್ತಿರವಿರಲೆಂದು ಯಾದಗಿರಿಯಲ್ಲಿ ಕೋಣೆ ಹಿಡಿಸಿದಿರಿ. ನನ್ನ ಬಟ್ಟೆ ಒಗೆದಿರಿ, ತಲೆ ಬಾಚಿದಿರಿ. ಹೆರಿಗೆಗೆ ಹತ್ತು ದಿನ ಇರುವಾಗ ನಿಮ್ಮ ಎದೆಬಡಿತವೇ ನಿಂತುಹೋಯಿತು. ಅಷ್ಟೇಕೆ ಅವಸರ ಮಾಡಿದಿರಿ?

ಆಪರೇಷನ್ ಆಯಿತು. ರಕ್ತ ಬಹಳ ಹೋಯಿತು. ಮೊದಲೇ ಗೊತ್ತಿದ್ದರಿಂದ ಎರಡು ಬಾಟಲಿ ತಯಾರಿತ್ತು. ಹೆಣ್ಣುಮಗು. ಅಳು ಕೇಳಿದ ಕೂಡಲೇ ನಾನು ಹುಡುಕಿದ್ದು ನಿಮ್ಮ ಮುಖವನ್ನು.

ಹೆಸರಿಡುವ ದಿನ ಶಹಾಪುರದಿಂದ ನಿಮ್ಮ ಅಕ್ಕ ಬಂದಿದ್ದರು. ನಿಮ್ಮ ಕಿರಿಯ ತಂಗಿಗೂ ಹೀಗೇ ನೋವಿಲ್ಲದೆ ರಕ್ತ ಹೋಗಿತ್ತೆಂದು ಅವರಿಂದ ತಿಳಿಯಿತು. ನೀವು ಒಳಗೆ ಕೈಯಾಡಿಸಿದ್ದಿರಂತೆ. ಆಮೇಲೆ ಆಕೆ ಉಳಿಯಲಿಲ್ಲ... ಅಷ್ಟು ವರ್ಷ ಅದನ್ನು ಒಬ್ಬರೇ ಹೇಗೆ ಹೊತ್ತಿರಿ? ಆ ಸಂಕಟದಿಂದ ಕಲಿತದ್ದರಿಂದಲೇ ಅಲ್ಲವೇ ನಾವಿಬ್ಬರೂ ಉಳಿದದ್ದು?

ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ಆಪರೇಷನ್ ಮಾಡಿದ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಆವಾಗ ಹಳ್ಳ್ಯಾಗ ಸ್ಕ್ಯಾನಿಂಗ್ ಎಲ್ಲಿತ್ತವ್ವ? ಮಾಸು ಅಡ್ಡ ಅದ ಅಂತ ಅವರಿಗೆ ಹ್ಯಾಂಗ ತಿಳಿಬೇಕು? ಆ ಜಾಗಾದಾಗ ನಾ ಇದ್ರೂ ಹಂಗ ಮಾಡ್ತಿದ್ದೆ. ಅವರ ತಪ್ಪಲ್ಲ ಅದು."

ಅತ್ತೆವ್ವ, ಕೇಳಿಸಿತೇ? ನಿಮ್ಮ ತಪ್ಪಲ್ಲವಂತೆ.

ನಿಮ್ಮ ಸೊಸೆ