ಅರ್ಧ ಕೇಳಿ ಎದ್ದು ಹೋದವರಿಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ರಾಮನಗರದ ನಮ್ಮ ಪ್ರೌಢಶಾಲೆಯ ಸರಸಮ್ಮ ಟೀಚರನ್ನು ನೀವು ಮಾಗಡಿ ಕಡೆಗೆ ವರ್ಗ ಮಾಡಿದ್ದೀರಿ. ಒಂಬತ್ತನೇ ತರಗತಿಯ ಚರ್ಚೆಯಲ್ಲಿ ಅವರು ಮಕ್ಕಳಿಂದ 'ಒಂದು ವರ್ಗದವರ ಅವಹೇಳನ' ಮಾಡಿಸಿದರಂತೆ. ನೀವೇ ಕಿವಿಯಾರೆ ಕೇಳಿದ್ದಾಗಿ ಆದೇಶ ಹೇಳುತ್ತದೆ. ಕೇಳಿದ್ದು ನಿಜ. ಪೋಷಕನಾಗಿ ನಾನೂ ಅಂದು ಹಿಂದಿನ ಬೆಂಚಿನಲ್ಲಿದ್ದೆ. ನೀವು ಯಾವಾಗ ಬಂದಿರಿ, ಯಾವಾಗ ಎದ್ದಿರಿ ಎಂಬುದನ್ನೂ ನೋಡಿದೆ.

ಆ ತರಗತಿಗೆ ಒಂದು ನಿಯಮವಿದೆ. ಎದುರಿನವರ ವಾದವನ್ನು ಮೊದಲು ನಮ್ಮ ಬಾಯಿಂದ ಹೇಳಬೇಕು. ಅವರು ಒಪ್ಪಿ ತಲೆಯಾಡಿಸಿದ ಮೇಲಷ್ಟೇ ವಿರೋಧಿಸಬೇಕು. ಅಂದಿನ ವಿಷಯ ರೇಷ್ಮೆ ಗೂಡಿನ ಮಾರುಕಟ್ಟೆ. ರೇಷ್ಮೆಯ ಬೆಲೆ ಏರಿದಂತೆಲ್ಲ ಗೂಡು ಬೆಳೆಯುವ ರೈತರಿಗೂ ನೂಲು ತೆಗೆಯುವ ರೀಲರ್‌ಗಳಿಗೂ ನಡುವೆ ಗುಮಾನಿ ಏರುತ್ತಿರುವ ಈ ಊರಲ್ಲಿ ಮಕ್ಕಳು ಬೇರೇನು ಮಾತಾಡಬೇಕು? ಬೈರಾಪಟ್ಟಣದ ರೈತನ ಮಗ ಬೀರಲಿಂಗ ರೀಲರ್‌ಗಳ ವಾದ ಹೇಳಿದ: "ನಾವು ಮೇಲೆ ಒಳ್ಳೆ ಗೂಡು ಸುರ್ದು ಅಡೀಲಿ ಕೊಳೆತಿರೋದು ಬಚ್ಚಿಡ್ತೀವಂತೆ. ಅದ್ರಿಂದ ಗೂಡು ಬೇಯ್ಸೋ ಬಾಂಡ್ಲಿ ನೀರೆಲ್ಲ ಕೆಟ್ಟು ನೂಲು ಕಿತ್ತೋಯ್ತದಂತೆ."

ನೀವು ಬಂದದ್ದು ಆಮೇಲೆ. ರೀಲರ್ ಫಕ್ರುದ್ದೀನರ ಮಗಳು ಮಜೀದಾ ರೈತರ ವಾದ ಹೇಳುತ್ತಿದ್ದಳು. "ಗೂಡು ತಡ ಮಾಡಿದ್ರೆ ಚಿಟ್ಟೆ ತೂತು ಮಾಡ್ಕಂಡು ಆಚೆ ಬತ್ತದೆ. ರೈತ್ರು ವಾಪಸ್ ಒಯ್ಯಂಗಿಲ್ಲ ಅಂತ ಗೊತ್ತಿದ್ದೇ ನಮ್ಮೋರು ಕಣ್ಸನ್ನೆ ಮಾಡ್ಕಂಡು ರೇಟ್ ಏರ್ಸಲ್ಲ."

"ಇನ್ನೂ ಒಸಿ ಐತೆ ಕಣಮ್ಮಿ, ತೂಕದ್ ವಿಷ್ಯ ಬುಟ್ಟೆ," ಎಂದ ಬೀರಲಿಂಗ.

"ಬತ್ತಾ ಇದೀನಿ ಇರೋ, ನಿಂಗೇನು ಬಸ್ಸು ಹೋಯ್ತದಾ?"

ತರಗತಿ ನಕ್ಕಿತು. ನೀವು ನಗಲಿಲ್ಲ. ನಿಮ್ಮ ಜೀಪು ಹೊರಟ ಮೇಲೆ ಆ ಹುಡುಗಿ ತನ್ನ ಸ್ವಂತ ಮಾತಿಗೆ ಬಂದಳು.

ನಿಮಗೆ ನಿಯಮ ಗೊತ್ತಿರಲಿಲ್ಲ ಎಂದು ನಂಬಲು ಪ್ರಯತ್ನಿಸಿದೆ, ಆಗಲಿಲ್ಲ. ಒಬ್ಬರನ್ನಾದರೂ ಕೇಳಬಹುದಿತ್ತಲ್ಲ? ಎರಡು ಕಡೆಯ ಮಾತೂ ಬಲ್ಲ ಮಕ್ಕಳು ನಾಳೆ ಮಾರುಕಟ್ಟೆಗೆ ಬಂದರೆ, ಈ ಜಗಳದಲ್ಲೇ ಬದುಕುವವರಿಗೆ ನಷ್ಟ; ಅಂಥ ಯಾರೋ ನಿಮ್ಮ ಕಚೇರಿಗೂ ಬೇಕಾದವರಾಗಿರಬಹುದು. ನಾನು ಎಲ್ಲವನ್ನೂ ಅನುಮಾನಿಸುವವನು; ಅದರಲ್ಲಿ ನಾನೂ ಸೇರಿದ್ದೇನೆ. ಆದರೂ ಪೇಟೆಯ ಶಾಂತಿ ಕಾಯುವ ಹೆಸರಿನ ನಿಮ್ಮ ಆದೇಶ ಏನು ಮಾಡಿತೆಂಬುದನ್ನು ಅನುಮಾನಿಸಬೇಕಾಗಿಲ್ಲ. ಅದರ ಸುದ್ದಿ ರೀಲರ್‌ಗಳ ಬೀದಿ ಮುಟ್ಟಿತು. ಫಕ್ರುದ್ದೀನ್ ಶಾಲೆಯ ಗೇಟಿಗೇ ಬಂದು ಮಗಳನ್ನು ನಿಲ್ಲಿಸಿಕೊಂಡರು.

"ನಮ್ಮೋರ್ನ ಮೋಸಗಾರ್ರು ಅಂದ್ಯಾ?"

"ಅದು ನನ್ ಮಾತಲ್ಲ ಅಬ್ಬಾ, ಬೀರಲಿಂಗಂದು."

"ಅವನ್ ಮಾತು ನಿನ್ ಬಾಯಲ್ಲಿ ಯಾಕೆ?"

ಅವರು ರೇಗಿರಲಿಲ್ಲ, ನಿಜವಾಗಿ ಕೇಳುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಉತ್ತರ ಹೇಳಬಲ್ಲವರು ಆಗಲೇ ಮಾಗಡಿ ಬಸ್ಸು ಹತ್ತಿದ್ದರು. ಮಜೀದಾ ಸೋಮವಾರದಿಂದ ಶಾಲೆಗೆ ಬಂದಿಲ್ಲ.

ಆದೇಶ ಹಿಂತೆಗೆದುಕೊಳ್ಳಿ. ಅದು ತಪ್ಪೆಂದು ನೀವೇ ಫಕ್ರುದ್ದೀನರ ಮನೆಗೆ ಹೋಗಿ, ಬೀದಿಗೆ ಕೇಳುವಂತೆ ಹೇಳಿ. ಆ ಹುಡುಗಿ ಮತ್ತೆ ಶಾಲೆಗೆ ಬರಬೇಕಾದರೆ ಬೇರೆ ಯಾರು ಹೇಳಿದರೂ ಸಾಲದು.

ಇಂತಿ,
ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ವಿಳಾಸ ಬರೆದಿರುವ
ಒಬ್ಬ ಪೋಷಕ, ರಾಮನಗರ