ಅತ್ತೆಯ ಕಾಯಿಲೆಗೆ ವಯಸ್ಸೆಂದು ಹೆಸರಿಟ್ಟವರಿಗೆ

ನಮ್ಮ ಭಾಗದ ಮಾನಸಿಕ ಆರೋಗ್ಯ ಶಿಬಿರಗಳ ಹೊಣೆ ಹೊತ್ತ ಮಾನ್ಯರೇ,

ನನ್ನ ಅತ್ತೆ ದಾಸಮ್ಮನವರ ಮನಸ್ಸಿನ ಕಾಯಿಲೆಯನ್ನು ನಿಮ್ಮ ಶಿಬಿರದಲ್ಲಿ ಯಾರೂ ಪರೀಕ್ಷಿಸಲಿಲ್ಲವೆಂದು ನಾನು ಕೊಟ್ಟ ದೂರಿಗೆ ಐದು ತಿಂಗಳ ನಂತರ ಉತ್ತರ ಬಂದಿದೆ. ಅರವತ್ತು ದಾಟಿದವರ ಮರೆವು, ನಿಶ್ಶಕ್ತಿ, ಮೌನ ಎಲ್ಲವೂ ‘ವಯೋಸಹಜ’ವಂತೆ. ಆದಕಾರಣ ನನ್ನ ಅರ್ಜಿಯನ್ನು ವೃದ್ಧಾಪ್ಯ ವೇತನದ ಶಾಖೆಗೆ ರವಾನಿಸಿದ್ದೀರಿ. ತಮ್ಮ ಔದಾರ್ಯ ದೊಡ್ಡದು. ಆದರೆ ನಾನು ಕೇಳಿದ್ದು ವೈದ್ಯರನ್ನು. ಕಾಯಿಲೆಯವರ ವಯಸ್ಸು ತಿಳಿದ ಕೂಡಲೇ ಕಾಯಿಲೆ ಯಾವುದೆಂದೂ ತಿಳಿಯುವ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ?

ನಮ್ಮದು ಕನಕಪುರ ತಾಲ್ಲೂಕಿನ ಒಂದು ಊರು. 2006ರಲ್ಲಿ ಊರಿನ ಗೋಮಾಳಕ್ಕೆ ಕಾರ್ಖಾನೆಗಳ ಬೇಲಿ ಬಿತ್ತು. ಮೇಯಿಸಲು ಜಾಗವಿಲ್ಲದೆ ಅತ್ತೆ ತಮ್ಮ ಮೂವತ್ತೆಂಟು ಕುರಿಗಳನ್ನೂ ಮಾರಿದರು. ಅವರ ಕಿರಿಯ ಮಗ, ಅಂದರೆ ನನ್ನ ಮೈದುನ ನಟರಾಜು, ಅದೇ ಬೇಲಿಯೊಳಗಿನ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಸೇರಿದ. ಆಗ ಅವನಿಗೆ ಇಪ್ಪತ್ಮೂರು. ವರ್ಷ ಕಳೆಯುವುದರೊಳಗೆ ಇಬ್ಬರ ಮನಸ್ಸೂ ಕದಡಿತು.

ನಟರಾಜುವಿಗೆ ಯಂತ್ರದ ಸದ್ದಿನಲ್ಲಿ ಯಾರೋ ತನ್ನನ್ನು ಬೈಯುವುದು ಕೇಳತೊಡಗಿತು. “ಅತ್ಗೆ, ಡಬ್ಬಿಗೆ ಏನೋ ಬೆರ್ಸವ್ರೆ, ನಾನ್ ಉಣ್ಣಾಕಿಲ್ಲ” ಎಂದು ಅನ್ನವನ್ನು ತಿಪ್ಪೆಗೆ ಚೆಲ್ಲಿ ಬರುತ್ತಿದ್ದ. ಬಸ್ ನಿಲ್ದಾಣದಲ್ಲಿ ನಿಂತು ಕೂಗಾಡುತ್ತಿದ್ದ. ಅವನಿಗೆ ಹುಷಾರಿಲ್ಲವೆಂದು ಊರಿಗೆಲ್ಲ ಗೊತ್ತಾಯಿತು.

ಅತ್ತೆ ಕೂಗಾಡಲಿಲ್ಲ. “ಒಟ್ಟೆ ಉರೀತೈತೆ ಕಣವ್ವ” ಎಂದರು, ಅಷ್ಟೆ. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದರು. ಒಲೆಯ ಮೇಲೆ ಹಾಲಿಟ್ಟು ಮರೆತರು. ಮೊಮ್ಮಗಳನ್ನು ತಮ್ಮ ತಂಗಿಯ ಹೆಸರಿಂದ ಕರೆದರು. ಊರವರು ಅರಳುಮರಳು ಎಂದರು. ಅಂಗನವಾಡಿ ಕಾರ್ಯಕರ್ತೆಯಾಗಿ ಮನೆಮನೆಯ ಆರೋಗ್ಯ ವಿಚಾರಿಸುವ ನಾನು ಏನೆಂದೆ ಗೊತ್ತೇ? “ಕೆಲ್ಸ ತಪ್ಪಿಸ್ಕೊಳ್ಳಾಕೆ ನಾಟ್ಕ ಆಡ್ತಾವ್ರೆ” ಎಂದು ಗಂಡನ ಮುಂದೆ ಗೊಣಗಿದೆ. ಜಗಲಿಯಲ್ಲಿ ಕೂತಿದ್ದ ಅತ್ತೆಗೆ ಅದು ಕೇಳಿಸಿತ್ತು.

ಕಳೆದ ವರ್ಷ ನಿಮ್ಮ ಶಿಬಿರಕ್ಕೆ ಇಬ್ಬರನ್ನೂ ಕರೆತಂದೆ. ವೈದ್ಯರು ನಟರಾಜುವಿನ ಜೊತೆ ಇಪ್ಪತ್ತು ನಿಮಿಷ ಕೂತು ಮಾತಾಡಿದರು. ಆ ಉಪಕಾರವನ್ನು ನಾನು ಮರೆತಿಲ್ಲ. ಅತ್ತೆಯ ಸರದಿ ಬಂದಾಗ ಹೆಸರು ಬರೆದುಕೊಳ್ಳುವವರು ವಯಸ್ಸು ಕೇಳಿದರು. ಅರವತ್ತಾರು ಎಂದೆ. “ಈ ವಯಸ್ಗೆ ಇವೆಲ್ಲ ಇದ್ದಿದ್ದೇ ಕಣಮ್ಮ. ಡಾಕ್ಟ್ರು ಯಾಕೆ? ಮನೇಲಿ ಚೆನ್ನಾಗಿ ನೋಡ್ಕೊಳ್ಳಿ” ಎಂದು ಹೊಟ್ಟೆ ಉರಿಯ ಮಾತ್ರೆ ಕೊಟ್ಟು ಸಾಗಹಾಕಿದರು. ವೈದ್ಯರು ಹತ್ತು ಹೆಜ್ಜೆ ಆಚೆ ಕೂತಿದ್ದರು.

ಎರಡು ತಿಂಗಳಲ್ಲಿ ಅತ್ತೆ ಮಾತು ನಿಲ್ಲಿಸಿದರು. ಮುಂದಿನ ಶಿಬಿರದಲ್ಲಿ ಗೋಗರೆದೆ. ಮಾತ್ರೆ ಹಂಚುತ್ತಿದ್ದವರು, “ನಿಮ್ ಮೈದ್ನಂಗೆ ಕೊಡೋದ್ನೇ ಇವ್ರಿಗೂ ಕೊಡಿ, ನಿದ್ದೆ ಬಂದ್ರೆ ಸರಿಹೋಗ್ತಾರೆ” ಎಂದರು. ಗಟ್ಟಿಮುಟ್ಟಾದ ಹುಡುಗನಿಗೆ ಕೊಡುವ ಮಾತ್ರೆ, ಅದೇ ಪ್ರಮಾಣ! ನಾನು ನಂಬಿ ಕೈಯಾರೆ ನುಂಗಿಸಿದೆ. ನಾಲ್ಕನೆಯ ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ತೂರಾಡಿ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಮೂಳೆ ಮುರಿದ ಮೇಲೇ ಅವರ ಮನಸ್ಸಿನ ಕಡೆ ಒಬ್ಬರ ಗಮನ ಹರಿಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮನೋವೈದ್ಯೆಯೊಬ್ಬರು ಮಂಚದ ಪಕ್ಕ ಕೂತು, ಅತ್ತೆಯ ಕೈ ಹಿಡಿದು, “ಬೆಳಿಗ್ಗೆ ಎಚ್ಚರ ಆದಾಗ ಏನನ್ಸುತ್ತಮ್ಮ?” ಎಂದರು. ತುಂಬಾ ಹೊತ್ತು ಕಾದರು. ವಾರಗಟ್ಟಲೆ ಬಾಯಿ ಬಿಡದಿದ್ದ ಅತ್ತೆ ಮೆಲ್ಲಗೆ ಹೇಳಿದರು: “ಕುರಿ ಕೂಗಲ್ಲ ಕಣವ್ವ. ಯಾಕ್ ಏಳ್ಲಿ?”

ಆಚೆ ಕರೆದು ವೈದ್ಯೆ ನನಗೆ ತಿಳಿಸಿದರು. ಇಲ್ಲದ ದನಿ ಕೇಳಿಸುವಂಥ ಕಾಯಿಲೆ ಹೆಚ್ಚಾಗಿ ಹರೆಯದಲ್ಲಿ ತಲೆಯೆತ್ತುತ್ತದೆ, ಎಲ್ಲರಿಗೂ ಕಾಣುತ್ತದೆ. ವಯಸ್ಸಾದವರ ಖಿನ್ನತೆ ಎಷ್ಟೋ ಸಲ ಕಣ್ಣೀರಾಗಿ ಬರುವುದೇ ಇಲ್ಲ. ಹೊಟ್ಟೆನೋವಾಗಿ, ಹಸಿವಿಲ್ಲದಿರುವಿಕೆಯಾಗಿ, ಮರೆವಾಗಿ ಬರುತ್ತದೆ. ಮರೆವೆಲ್ಲ ಅರಳುಮರಳಲ್ಲ, ಖಿನ್ನತೆಯಿಂದ ಬಂದ ಮರೆವು ಚಿಕಿತ್ಸೆಗೆ ಬಗ್ಗಬಹುದು. ಯಾವುದು ಯಾವುದೆಂದು ಪರೀಕ್ಷಿಸಿಯೇ ತಿಳಿಯಬೇಕು. ಮುದಿ ದೇಹದಲ್ಲಿ ಔಷಧ ಬಹಳ ಹೊತ್ತು ಉಳಿಯುವುದರಿಂದ ಕಡಿಮೆ ಪ್ರಮಾಣದಲ್ಲಿ ಶುರುಮಾಡಬೇಕು. ಮಾನ್ಯರೇ, ಇದೆಲ್ಲ ಅಂಗನವಾಡಿಯವಳಿಗೆ ಕಾಲುಗಂಟೆಯಲ್ಲಿ ಅರ್ಥವಾಯಿತು. ನಿಮ್ಮ ಶಿಬಿರಕ್ಕೆ ಇನ್ನೆಷ್ಟು ವರ್ಷ ಬೇಕು?

ಮೂರು ತಿಂಗಳ ಚಿಕಿತ್ಸೆಯ ನಂತರ ಒಂದು ಮಧ್ಯಾಹ್ನ ಅತ್ತೆ ಕೇಳಿದರು, “ನಟ್ರಾಜ ಉಂಡ್ನಾ?” ತಾವಾಗಿ ಇನ್ನೊಬ್ಬರನ್ನು ವಿಚಾರಿಸಿದ್ದು ಎರಡು ವರ್ಷದಲ್ಲಿ ಅದೇ ಮೊದಲು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಆಮೇಲೆ ಪಕ್ಕದಲ್ಲಿ ಕೂತು, “ನಾಟ್ಕ ಅಂದ್ಬುಟ್ಟಿದ್ದೆ, ತಪ್ಪಾಯ್ತು” ಎಂದೆ. ಅವರು ನನ್ನ ತಲೆ ಸವರಿ, “ನಂಗೂ ಹಂಗೇ ಅನ್ಸಿತ್ತು ಕಣವ್ವ. ಅಳುವೇ ಬರ್ನಿಲ್ಲ, ಇದೆಂತ ಕಾಯ್ಲೆ ಅಂತ” ಎಂದರು.

ಮರೆವು ಬಹುಮಟ್ಟಿಗೆ ಹೋಗಿದೆ. ನಟರಾಜು ಮಾತ್ರೆ ತಪ್ಪಿಸದೆ, ಚನ್ನಪಟ್ಟಣದಲ್ಲಿ ಗೊಂಬೆಗಳಿಗೆ ಬಣ್ಣ ಹಾಕುವ ಕೆಲಸಕ್ಕೆ ಹೋಗುತ್ತಾನೆ. ಅತ್ತೆಯ ಕಾಲು ಮಾತ್ರ ಸರಿಹೋಗಲಿಲ್ಲ. ಇನ್ನು ಅವರು ಏನನ್ನಾದರೂ ಹಿಡಿದುಕೊಳ್ಳದೆ ನಡೆಯಲಾರರು. ಅದಾದರೂ ವಯೋಸಹಜವೇ, ಹೇಳಿ?

ಈಗ ಹಿಂದಿನ ಬೀದಿಯ ಅಂಕಮ್ಮ ನಮ್ಮ ಮನೆಗೆ ಬರುತ್ತಿದ್ದಾರೆ. ಎಪ್ಪತ್ತು ದಾಟಿದವರು. “ಎದೆ ಮ್ಯಾಲೆ ಕಲ್ ಇಟ್ಟಂಗೈತೆ. ಯಾರ್ತಾವ್ ಹೇಳ್ಕೊಳ್ಲಿ?” ಎನ್ನುತ್ತಾರೆ. ಸಾಮಾನ್ಯ ವೈದ್ಯರು ಎದೆ ಪರೀಕ್ಷಿಸಿ ಏನೂ ಇಲ್ಲವೆಂದಿದ್ದಾರೆ. ಹಾಗಾಗಿ ನನ್ನ ಒತ್ತಾಯ ಇಷ್ಟು: ಪ್ರತಿ ಶಿಬಿರದಲ್ಲೂ ವೃದ್ಧರನ್ನು ಮನೋವೈದ್ಯರೇ ನೋಡಬೇಕು, ವಯಸ್ಸಿಗೆ ತಕ್ಕ ಪ್ರಮಾಣವನ್ನು ಅವರೇ ಬರೆಯಬೇಕು, ಯಾರನ್ನೂ ವಯಸ್ಸು ಕೇಳಿ ವಾಪಸು ಕಳಿಸಕೂಡದು. ಮುಂದಿನ ತಿಂಗಳು ಅಂಕಮ್ಮನನ್ನು ನಾನೇ ಕರೆತರುತ್ತೇನೆ. ವೈದ್ಯರ ಎದುರಿಗೆ ಅವರಿಗೊಂದು ಕುರ್ಚಿ ಹಾಕಿಸಿ. ಅವರು ನಿಧಾನವಾಗಿ ಮಾತಾಡುತ್ತಾರೆ; ಮುಗಿಯುವವರೆಗೆ ಯಾರಾದರೂ ಕೇಳಿಸಿಕೊಳ್ಳಲಿ.

ಇಂತಿ,
ತಡವಾಗಿ ಕಣ್ತೆರೆದ ಒಬ್ಬ ಸೊಸೆ,
ವನಜಾಕ್ಷಿ
ಕನಕಪುರ ತಾಲ್ಲೂಕು, 2009